ದೊಡ್ಡವ್ವನ ನೆಗೆಟಿವ್

ನಮ್ಮ ದೊಡ್ಡವ್ವನ ಹತ್ತು ಬೆರಳೂ ಕಪ್ಪಗಿದ್ದವು. ಹೊಗೆಸೊಪ್ಪಿನ ಅಂಟು ಹಿಡಿದೂ ಹಿಡಿದೂ, ಹುಣಸೆಹಣ್ಣು ಹಾಕಿ ಉಜ್ಜಿದರೂ ಬಿಡುತ್ತಿರಲಿಲ್ಲ. ಹಾರನಹಳ್ಳಿ ಕಡೆ ಎಲೆ ಹದ ಮಾಡುವ ಬ್ಯಾರನ್ನುಗಳಲ್ಲಿ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಅದೇ ಕೈಯಲ್ಲಿ ಮುದ್ದೆ ಮುರಿದು ಬಾಯಿಗಿಟ್ಟರೆ ಕಹಿ. ನಾನು ಮುಖ ಸಿಂಡರಿಸಿದರೆ, "ನುಂಗ್ಲಾ, ಬೆರಳೇನೂ ಕಚ್ಚಕಿಲ್ಲ" ಎನ್ನುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವ್ವನ ಅಕ್ಕನಾದ ಇವಳೇ.

ಅವಳಿಗೆ ಯಾವುದೂ ದಂಡವಾಗಬಾರದು. ರಾತ್ರಿ ಉಳಿದ ಮುದ್ದೆಯನ್ನು ಬೆಳಿಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿಯುತ್ತಿದ್ದಳು. ಹೊಸ ಸೀರೆ ಕೊಡಿಸಿದರೆ ಪಕ್ಕದ ಮನೆಯವಳಿಗೆ ಕೊಟ್ಟು, "ಇಲ್ದೋರು ಉಟ್ಕಳ್ಳಿ ಬುಡು" ಎಂದು ನನ್ನ ತಲೆ ಕೆಡಿಸುತ್ತಿದ್ದಳು.

ಕೆಮ್ಮು ಬಂದಾಗ ಯಾರೂ ಲೆಕ್ಕಕ್ಕಿಡಲಿಲ್ಲ. ಬ್ಯಾರನ್ನಿಗೆ ಹೋಗುವವರೆಲ್ಲ ಕೆಮ್ಮುತ್ತಾರೆ, ಸೊಪ್ಪಿನ ಕೆಮ್ಮು ಎಂದು ನಾವೇ ಹೆಸರಿಟ್ಟುಕೊಂಡಿದ್ದೇವೆ. ಕಫದಲ್ಲಿ ರಕ್ತ ಕಂಡಾಗ ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದೊಯ್ದೆ. ಪಾಸಿಟಿವ್ ಬಂತು, ಟಿ.ಬಿ. ಆರು ತಿಂಗಳು ಮಾತ್ರೆ ಎಂದರು. ಅವಳು ಅತ್ತದ್ದು ರೋಗಕ್ಕಲ್ಲ. ಅವಳ ಮಗಳು ಬಾಣಂತನಕ್ಕೆ ಬಂದಿದ್ದಳು, ಕೂಸಿನ ಹತ್ತಿರ ಹೋಗಬೇಡ ಎಂದುಬಿಟ್ಟಿದ್ದರು. ಜಗುಲಿಯ ಮೇಲೆ ಬಾಯಿಗೆ ಟವೆಲ್ ಕಟ್ಟಿಕೊಂಡು ಕೂತು, ಒಳಗೆ ಕೂಸು ಅತ್ತಾಗೆಲ್ಲ ಬಾಗಿಲ ಕಡೆ ಕತ್ತು ಚಾಚುತ್ತಿದ್ದಳು.

ಎರಡು ತಿಂಗಳಾದ ಮೇಲೆ ಮತ್ತೆ ಕಫ ನೋಡಿದರು. ನೆಗೆಟಿವ್ ಬಂತು.

ಈ ಪದವನ್ನು ನಮ್ಮೂರಿಗೆ ಕಲಿಸಿದ್ದು ಕೊರೋನಾ. ಪಾಸಿಟಿವ್ ಎಂದರೆ ಬೀದಿಗೆ ಬೊಂಬು ಕಟ್ಟುತ್ತಾರೆ, ನೆಗೆಟಿವ್ ಎಂದರೆ ಮನೆಗೆ ಬಿಡುತ್ತಾರೆ. ದೊಡ್ಡವ್ವ ಅವತ್ತೇ ತಲೆಗೆ ನೀರು ಹಾಕಿಕೊಂಡು ಕೂಸನ್ನು ಮಡಿಲಿಗೆ ಎತ್ತಿಕೊಂಡಳು. ಮಾತ್ರೆ ತಂದ ಆಶಾ ಕಾರ್ಯಕರ್ತೆಯ ಕೈಗೇ ಪೊಟ್ಟಣವನ್ನು ವಾಪಸ್ಸು ತುರುಕಿದಳು.

"ನಂಗೆ ನೆಗೆಟಿವ್ ಆಗೈತೆ ಕಣವ್ವ. ಇನ್ಯಾರ್ಗಾದ್ರೂ ಕೊಡು, ಪಾಪ."

"ಕಫದಲ್ಲಿ ಕಾಣ್ತಿಲ್ಲ ಅಷ್ಟೇ ಕಣಮ್ಮ. ಒಳಗೆ ಇನ್ನೂ ಐತೆ. ಇನ್ನ ನಾಕ್ ತಿಂಗ್ಳು ನುಂಗ್ಲೇಬೇಕು."

"ಕಾಣ್ದೇ ಇರೋದ್ಕೆ ಮಾತ್ರೆ ಯಾಕೆ? ಕೊರೋನಾದಲ್ಲಿ ನೆಗೆಟಿವ್ ಬಂದೋರ್ನೆಲ್ಲ ಮನೇಗ್ ಓಗಿ ಅಂದೋಳು ನೀನೇ ಅಲ್ವಾ?"

ಆಕೆ ನಕ್ಕುಬಿಟ್ಟಳು, ನಾವೂ ನಕ್ಕೆವು. ಆದರೂ ಆಕೆ ಪೊಟ್ಟಣ ಇಟ್ಟೇ ಹೋದಳು. ನಾನು ಗದರಿದ್ದಕ್ಕೆ ದೊಡ್ಡವ್ವ, "ಆಯ್ತು ಬುಡ್ಲಾ, ನುಂಗ್ತೀನಿ" ಎಂದಳು. ನುಂಗಲಿಲ್ಲ. ನುಂಗಿದರೆ ವಾಂತಿ, ಉಚ್ಚೆಯೆಲ್ಲ ಕೆಂಪು. ಕೂಸನ್ನು ಎಣ್ಣೆ ಹಚ್ಚಿ ಮೀಯಿಸುವಷ್ಟು ಗಟ್ಟಿಯಾಗಿದ್ದವಳಿಗೆ ಆ ಸಂಕಟ ಯಾಕೆ ಬೇಕು?

ಸೊಪ್ಪು ಮುರಿಯುವ ಕಾಲಕ್ಕೆ ಕೆಮ್ಮು ತಿರುಗಿ ಬಂತು. ಈ ಸಲ ಮೈಸೂರಿಗೆ ಕಳಿಸಿದರು. ರೋಗಾಣು ಬಲಿತಿದೆ, ಮೊದಲಿನ ಮಾತ್ರೆಗೆ ಜಗ್ಗುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಕೂಸಿಗೂ ಪರೀಕ್ಷೆ ಮಾಡಿದರು, ಪುಣ್ಯಕ್ಕೆ ಏನೂ ಇರಲಿಲ್ಲ. ಅದರ ತಾಯಿ ಅದನ್ನು ಎತ್ತಿಕೊಂಡು ಗಂಡನ ಮನೆಗೆ ಹೋದಳು. ಅವಳದೂ ತಪ್ಪಲ್ಲ. ಯಾರ ಮೇಲೆ ಸಿಟ್ಟು ಮಾಡಲಿ? ಆ ಹಾಳು ಪದದ ಮೇಲೆ ಮಾಡಿಕೊಂಡೆ. 'ಹರಡಲ್ಲ, ಆದರೆ ಹೋಗಿಲ್ಲ' ಎನ್ನುವುದಕ್ಕೆ ನಮ್ಮ ಜನಕ್ಕೆ ತಿಳಿಯುವಂಥ ಒಂದು ಮಾತು ಮಾಡಿಡಲು ಯಾರಿಗೂ ಪುರುಸೊತ್ತು ಸಿಗಲಿಲ್ಲವೇ ಎಂದು ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಹೊಸ ಮಾತ್ರೆ ಒಂದೂ ಅವಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಮೂಳೆ ಚಕ್ಕಳವಾದ ಮೇಲೆ ವಾರ್ಡಿನಲ್ಲಿ ಸಿಸ್ಟರ್ ಕೈ ಹಿಡಿದು ಬೇಡುತ್ತಿದ್ದಳು: "ಆ ಮೊದಲ್ನೇ ಮಾತ್ರೆನೇ ಕೊಡವ್ವ. ಈ ಸಲ ಒಂದೂ ಬುಡಕಿಲ್ಲ, ಕೂಸಿನಾಣೆ."

ಸಿಸ್ಟರ್ ನನ್ನ ಮುಖ ನೋಡಿದರು. ಅವು ಇನ್ನು ನಾಟುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

"ತತ್ತೀನಿ ಕಣ್ ದೊಡ್ಡವ್ವ" ಎಂದೆ.

ಅವಳು ಅದನ್ನೇ ಕಾಯುತ್ತಾ ತೀರಿಕೊಂಡಳು.