ಚುಕ್ಕಿ ದೊಡ್ಡಮ್ಮ ಕಂಡ ಖಾಲಿ ಜಾಗ

ಮಗಳು ಟಿವಿ ನೋಡುವಾಗ ಗಲ್ಲವನ್ನು ಎಡಕ್ಕೆ ತಿರುಗಿಸುತ್ತಾಳೆ. ಐದು ವರ್ಷದ ಮಗು, ಹೇಗಾದರೂ ಕೂರಲಿ ಎಂದು ಸುಮ್ಮನಿರಲು ನೋಡಿದೆ. ಆಗಲಿಲ್ಲ. ಊಟಕ್ಕೆ ಕೂತಾಗ, ಚಿತ್ರ ಬರೆಯುವಾಗ, ಕೊನೆಗೆ ನನ್ನ ಮುಖ ನೋಡುವಾಗಲೂ ಅದೇ ಓರೆ. "ಮಗು ಸೀನಿದ್ರೂ ನಿಂಗೆ ಆಸ್ಪತ್ರೆ ಕಾಣುತ್ತೆ" ಎಂದು ಗಂಡ ನಕ್ಕರು. ನನಗೆ ಕಾಣುತ್ತಿದ್ದುದು ಆಸ್ಪತ್ರೆಯಲ್ಲ, ದೊಡ್ಡಮ್ಮ.

ಅಮ್ಮನ ಅಕ್ಕ ಅವರು. ನಮಗೆಲ್ಲ ಚುಕ್ಕಿ ದೊಡ್ಡಮ್ಮ. ವೀಕ್ಷಣಾಲಯವೊಂದರ ನೆಲಮಾಳಿಗೆಯಲ್ಲಿ ಹತ್ತೊಂಬತ್ತು ವರ್ಷ ಚುಕ್ಕಿ ಎಣಿಸಿದವರು. ದೂರದರ್ಶಕ ಹಿಡಿದ ಚಿತ್ರ ಆಗ ಗಾಜಿನ ಫಲಕದ ಮೇಲೆ ಬರುತ್ತಿತ್ತು, ನೆಗೆಟಿವ್ ಇದ್ದ ಹಾಗೆ: ಆಕಾಶ ಬೆಳ್ಳಗೆ, ನಕ್ಷತ್ರ ಕಪ್ಪಗೆ. ಫಲಕದ ಕೆಳಗೊಂದು ದೀಪ, ಮೇಲೊಂದು ಭೂತಗನ್ನಡಿ, ಪಕ್ಕದಲ್ಲಿ ಚೌಕ ಗೆರೆಯ ಹಾಳೆ.

ಅವರ ಪಾಲಿಗೆ ಬಂದದ್ದು ಒಂದು ಸುರುಳಿ ಗ್ಯಾಲಕ್ಸಿ. ನಡುವೆ ಅಡ್ಡಲಾಗಿ ನಕ್ಷತ್ರಗಳದೊಂದು ಪಟ್ಟಿ, ಅದರ ಎರಡು ತುದಿಗಳಿಂದ ಬಾಗಿ ಹೊರಟ ಎರಡು ತೋಳು. ತೋಳು ಪಟ್ಟಿಯನ್ನು ಕೂಡುವ ಕಡೆ ಅನಿಲ ಒತ್ತೊತ್ತಾಗಿ ಸೇರುತ್ತದೆ. ಹೊಸ ನಕ್ಷತ್ರಗಳು ಅಲ್ಲಿ ಗುಂಪುಗುಂಪಾಗಿ ಹುಟ್ಟುತ್ತವೆ. "ಹೆರಿಗೆ ವಾರ್ಡು ಕಣೇ ಅದು, ಅಷ್ಟಕ್ಕೂ ನಾನೊಬ್ಬಳೇ ದಾದಿ" ಎನ್ನುತ್ತಿದ್ದರು.

ಮಸುಕು ಚುಕ್ಕಿಯನ್ನು ನೆಟ್ಟಗೆ ನೋಡಿದರೆ ಮಾಯವಾಗುತ್ತದೆ, ಓರೆಯಾಗಿ ನೋಡಿದರೆ ಸಿಗುತ್ತದೆ. ದೂರದರ್ಶಕಕ್ಕೆ ಕಣ್ಣಿಟ್ಟವರಿಗೆಲ್ಲ ಇದು ಮೊದಲ ಪಾಠ. ಹಾಗಾಗಿ ದೊಡ್ಡಮ್ಮ ಮುಖ ತಿರುಗಿಸಿಕೊಂಡು ಎಣಿಸತೊಡಗಿದಾಗ ಅಲ್ಲಿ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಕಣ್ಣೇ ಕೆಡುತ್ತಿದೆ ಎಂದು ಅವರಿಗೆ ಮಾತ್ರ ಗೊತ್ತಿತ್ತು. ಓದುವ ಪದದ ನಡುವೆ ಅಕ್ಷರ ಕಾಣೆಯಾಗುತ್ತಿತ್ತು. ಹೇಳಿದರೆ ಫಲಕ ಬೇರೆಯವರ ಕೈ ಸೇರುತ್ತದೆ ಎಂದು ಎರಡು ವರ್ಷ ಬಾಯಿ ಬಿಡಲಿಲ್ಲ. ಚುಕ್ಕಿ ಒತ್ತಾಗಿರುವ ಕಡೆ ಮಾತ್ರ ಓರೆನೋಟ ಸಾಲುತ್ತಿರಲಿಲ್ಲ. ಅಲ್ಲಿ ನೆಟ್ಟಗೆ ನೋಡಲೇಬೇಕು.

ಒಂದು ಬೆಳಗ್ಗೆ ವೀಕ್ಷಣಾಲಯದ ಸಾಹೇಬರು ಎಣಿಕೆಯ ಹಾಳೆ ಹಿಡಿದು ಇಳಿದು ಬಂದರು.

"ಏನಮ್ಮ ಇದು, ಹೆರಿಗೆ ವಾರ್ಡಿಗೆ ಬೀಗ ಹಾಕ್ಬಿಟ್ಟಿದ್ದೀರಾ? ಪಟ್ಟಿ ತುದೀಲಿ ಒಂದೂ ಇಲ್ಲ ಅಂತ ಬರೆದಿದ್ದೀರಿ."

"ಇಲ್ಲ ಸರ್. ನೋಡಿ, ಖಾಲಿ."

ಸಾಹೇಬರು ಫಲಕವನ್ನು ತಿರುಗಿಸಿಟ್ಟರು. "ಈಗ ತೋರಿಸಿ, ಎಲ್ಲಿ ಖಾಲಿ?" ದೊಡ್ಡಮ್ಮ ಬೆರಳಿಟ್ಟರು. ಮತ್ತೆ ತಿರುಗಿಸಿದರು. ಮತ್ತೆ ಬೆರಳು. ಮೂರು ಸಲವೂ ಬೆರಳು ಗ್ಯಾಲಕ್ಸಿಯ ಬೇರೆ ಬೇರೆ ಭಾಗದ ಮೇಲೆ ಬಿತ್ತು. ಎಲ್ಲಿ ನೆಟ್ಟಗೆ ನೋಡಿದರೋ ಅಲ್ಲೇ ಖಾಲಿ. ಸಾಹೇಬರು ದೀಪ ಆರಿಸಿ, "ಮನೆಗೆ ಹೋಗಮ್ಮ" ಎಂದರಂತೆ, ಮೆಲ್ಲಗೆ.

ಎರಡು ವರ್ಷದ ಎಣಿಕೆ ರದ್ದಿಗೆ ಹೋಯಿತು. ಕಣ್ಣಿನ ಡಾಕ್ಟರು ಕೇಳಿದ್ದು ಒಂದೇ ಮಾತು: "ಇಷ್ಟು ದಿನ ಏನ್ಮಾಡ್ತಿದ್ರಿ?" ಮನೆಯ ಮಕ್ಕಳಿಗೂ ಬರಬಹುದು, ನೋಡಿಕೊಳ್ಳಿ ಎಂದೂ ಹೇಳಿ ಕಳಿಸಿದರು. ಈಗ ದೊಡ್ಡಮ್ಮನಿಗೆ ಎದುರಿಗಿರುವವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ.

ಮೊನ್ನೆ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೋಗಿದ್ದೆ. ದೊಡ್ಡಮ್ಮ ಅವಳನ್ನು ಎದುರಿಗೆ ನಿಲ್ಲಿಸಿಕೊಂಡು ಎರಡು ಕೈಯಲ್ಲೂ ಮುಖ ಹಿಡಿದರು.

"ಅಜ್ಜಿ, ನಿಮ್ ಕೈ ತಣ್ಣಗಿದೆ."

"ಇರ್ಲಿ ಪುಟ್ಟಿ, ನನ್ನ ನೋಡು." ಆಮೇಲೆ ನನಗೆ, "ಎಲ್ಲಿ ನೋಡ್ತಿದ್ದಾಳೆ ಇವಳು?"

"ನಿಮ್ಮನ್ನೇ ದೊಡ್ಡಮ್ಮ. ನೆಟ್ಟಗೆ."

"ಗಲ್ಲ ನನ್ನ ಕೈಯಲ್ಲಿದೆ ಕಣೇ." ತಮ್ಮ ಮುಖವನ್ನೂ ಅದೇ ಓರೆಗೆ ತಿರುಗಿಸಿದರು. "ಹೀಗೆ ತಿರುಗಿಸ್ಕೊಂಡು ಎರಡು ವರ್ಷ ದಾಟಿಸ್ದೋಳು ನಾನು. ನನ್ನ ಹತ್ರಾನೇ ಸುಳ್ಳಾ? ಕಣ್ಣಿನ ಡಾಕ್ಟ್ರಿಗೆ ಫೋನ್ ಮಾಡು. ಇಲ್ಲೇ ಮಾಡು, ಹೊರಗೆ ಹೋದ್ರೆ ನೀನು ಮಾಡಲ್ಲ."

ನಂಬರು ಯಾವತ್ತೋ ಮೊಬೈಲಿಗೆ ಸೇರಿಸಿಟ್ಟಿದ್ದೆ. ಒತ್ತಿದೆ. ಕಣ್ಣಾಸ್ಪತ್ರೆಯ ಹುಡುಗಿ ಮಗುವಿನ ವಯಸ್ಸು ಕೇಳಿದಳು, ತೊಂದರೆ ಏನೆಂದು ಕೇಳಿದಳು. ಹೇಳಿದೆ.

"ಯಾವಾಗಿಂದ ಹೀಗಿದೆ ಮೇಡಂ?"

'ಈಗೀಗ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೊಡ್ಡಮ್ಮನ ಕೈ ಇನ್ನೂ ಮಗುವಿನ ಗಲ್ಲದ ಮೇಲೇ ಇತ್ತು.

"ನಾಲ್ಕು ತಿಂಗಳಿಂದ" ಎಂದೆ.