ಒಂದು ಟಣ್ ಸರಿ, ಎರಡು ಟಣ್ ತಪ್ಪು

ಮಾತಿನ ಡಾಕ್ಟರಮ್ಮನನ್ನು ಅಂಕದಕ್ಕ ಮೊದಲ ಸಲ ಕಂಡದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ. ಗೋಡೆಗೆ ಬಾಯಿಯ ಒಳಭಾಗ ತೋರಿಸುವ ದೊಡ್ಡ ಚಿತ್ರ ಅಂಟಿಸಿದ್ದರು. ನಾಲಿಗೆಗೆ ಕೆಂಪು ಬಣ್ಣ, ಗಂಟಲಿಗೆ ನೀಲಿ. ಮೇಜಿನ ಮೇಲೆ ಒಂದು ಬಾಚಣಿಗೆ, ಒಂದು ಚಮಚ, ಒಂದು ಬೀಗದ ಕೈ ಸಾಲಾಗಿದ್ದವು. ಅಪ್ಪ ಗಾಲಿಕುರ್ಚಿಯಲ್ಲಿ ಕೂತಿದ್ದ. ಅವನ ಬಲಗೈ ತೊಡೆಯ ಮೇಲೆ ಬೇರೆ ಯಾರೋ ಮರೆತುಹೋದ ಸಾಮಾನಿನಂತೆ ಬಿದ್ದಿತ್ತು. ಡಾಕ್ಟರಮ್ಮನ ಸ್ವೆಟರಿನ ಒಂದು ಗುಂಡಿ ಕಿತ್ತುಹೋಗಿತ್ತು. ಆಕೆ ಕುರ್ಚಿ ಎಳೆದುಕೊಂಡು ಅಪ್ಪನ ಎದುರಿಗೇ ಕೂತಳು.

"ಯಜಮಾನರೇ, ನಿಮ್ಮ ಹೆಸರು ಹೇಳ್ತೀರಾ?"

ಅಪ್ಪ ಗಂಟಲು ಸರಿ ಮಾಡಿಕೊಂಡು, ಮೈಕಿನ ಮುಂದೆ ಹೇಳುವಷ್ಟೇ ಸ್ಪಷ್ಟವಾಗಿ, "ಮುಂದಿನ ಪ್ರಶ್ನೆ" ಎಂದ.

ಡಾಕ್ಟರಮ್ಮ ಬಾಚಣಿಗೆ ಎತ್ತಿ ಹಿಡಿದಳು. "ಇದೇನು?"

"ಮುಂದಿನ ಪ್ರಶ್ನೆ."

"ನಿಮ್ಮ ಪಕ್ಕದಲ್ಲಿ ನಿಂತಿದಾರಲ್ಲ, ಇವರು ಯಾರು?"

ಅಪ್ಪ ಮಗಳ ಮುಖ ನೋಡಿದ. ತುಟಿ ಒಂದು ಕಡೆಗೆ ಎಳೆದುಕೊಂಡಿತು. "ಮುಂದಿನ" ಎಂದು ತಡೆದ. ಬೇರೆ ಮಾತಿಗೆ ತಡಕಾಡಿದ. ಸಿಗಲಿಲ್ಲ. "ಪ್ರಶ್ನೆ" ಎಂದು ಮುಗಿಸಿದ.

ಅಂಕದಕ್ಕನಿಗೆ ಆ ಹೊತ್ತಿನಲ್ಲೂ ನಗು ಒತ್ತರಿಸಿಕೊಂಡು ಬಂತು. ಬಾಯಿಗೆ ಸೆರಗು ಒತ್ತಿಕೊಂಡಳು. "ಏನೂ ತಿಳ್ಕೋಬೇಡಿ ಮೇಡಂ. ಬಾರಿನಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳೋದು ಇವರ ಕೆಲಸ. ಗುರುವಾರ ಗುರುವಾರ. ಇಷ್ಟು ವರ್ಷ ಊರಿಗೆಲ್ಲ ಪ್ರಶ್ನೆ ಕೇಳಿದ ಮನುಷ್ಯ..." ಅಷ್ಟರಲ್ಲಿ ನಗು ಅಳುವಾಗಿ ತಿರುಗಿತು.

ಡಾಕ್ಟರಮ್ಮ ಅವಳ ಅಳು ತೀರುವವರೆಗೆ ಕಾದಳು. "ನೋಡಮ್ಮ, ಲಕ್ವ ಹೊಡೆದು ಮಿದುಳಿನಲ್ಲಿ ಮಾತು ಹುಟ್ಟೋ ಜಾಗಕ್ಕೆ ಏಟು ಬಿದ್ದಿದೆ. ನಾವು ಹೇಳೋದೆಲ್ಲ ಇವರಿಗೆ ಅರ್ಥ ಆಗುತ್ತೆ. ಇವರಿಗೆ ಗೊತ್ತಿದ್ದದ್ದೂ ಒಳಗೇ ಇದೆ. ಹೊರಗೆ ಬರ್ತಾ ಇಲ್ಲ, ಅಷ್ಟೆ. ನಾಲಿಗೆಗೆ ತುಂಬ ರೂಢಿಯಾದ ಒಂದೇ ಒಂದು ಮಾತು ಕೆಲವರಿಗೆ ಉಳ್ಕೊಂಡುಬಿಡುತ್ತೆ. ಹೋದ ವರ್ಷ ಒಬ್ಬ ಲಾರಿ ಡ್ರೈವರ್ ಬರ್ತಿದ್ರು, ಬರೀ ಬೈಗುಳ. ನಿಮ್ಮಪ್ಪ ಎಷ್ಟೋ ವಾಸಿ. ಮನೇಲಿ ಗಂಟೆ ಗಿಂಟೆ ಏನಾದ್ರೂ ಇದೆಯಾ? ಹೌದು, ಅಲ್ಲ ಅಂತ ಹೇಳೋಕೆ?"

ಗಂಟೆ ಇತ್ತು. ಬಾರಿನ ಕೌಂಟರಿನಲ್ಲಿ ಮೊದಲು ಇದ್ದ ಹಿತ್ತಾಳೆಯ ಗಂಟೆ. ತಲೆಯ ಮೇಲಿನ ಗುಂಡಿ ಒತ್ತಿದರೆ ಟಣ್ ಎನ್ನುವಂಥದ್ದು. ಯಾವುದಾದರೂ ತಂಡ ಉತ್ತರ ಹೇಳಿದಾಗ ಅಪ್ಪ ಬಾಯಿ ಬಿಡುತ್ತಿರಲಿಲ್ಲ. ಒಂದು ಟಣ್ ಅಂದರೆ ಸರಿ, ಎರಡು ಟಣ್ ಅಂದರೆ ತಪ್ಪು. ಬಾರಿಗೆ ಬರುವವರಿಗೆಲ್ಲ ಆ ಲೆಕ್ಕ ಬಾಯಿಪಾಠ.

ಅಪ್ಪ ಮೇಷ್ಟ್ರಾಗಿರಲಿಲ್ಲ, ಬಾರಿನವರು ಹಾಗೆ ಕರೆಯುತ್ತಿದ್ದರು ಅಷ್ಟೆ. ಒಂದು ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ. ಅಚ್ಚಿಗೆ ಹೋಗುವ ಮೊದಲು ಒಂದೊಂದು ಹಾಳೆಯನ್ನೂ ಅಳತೆಗೋಲು ಇಟ್ಟುಕೊಂಡು ಸಾಲು ಸಾಲಾಗಿ ಓದಿ, ತಪ್ಪು ಹುಡುಕುವ ಕೆಲಸ. ಶಾಲೆಯ ಪುಸ್ತಕ, ಭೂಪಟ, ರೈಲಿನ ವೇಳಾಪಟ್ಟಿ, ಏನೇನೋ ಕಣ್ಣ ಕೆಳಗೆ ಹಾದುಹೋಗಿ ತಲೆಯಲ್ಲಿ ಉಳಿದುಬಿಟ್ಟಿತ್ತು. ಪ್ರೆಸ್ಸು ಮುಚ್ಚಿದ ಮೇಲೆ ಬಾರಿನ ಸಾಹುಕಾರ, "ತಲೇಲಿ ಇಷ್ಟೊಂದು ತುಂಬ್ಕೊಂಡಿದೀರಲ್ಲ ಮೇಷ್ಟ್ರೇ, ಗುರುವಾರ ನನ್ನ ಬಾರು ಹಾಳು ಸುರೀತದೆ, ಬಂದು ಏನಾದ್ರೂ ಕೇಳಿ" ಎಂದ. ಅಲ್ಲಿಂದ ಶುರುವಾದದ್ದು. ಹಗಲು ಕನ್ನಡಕದಂಗಡಿಯಲ್ಲಿ ಗಾಜು ಕೂರಿಸುವ ಮಗಳು ಸಂಜೆ ಬಂದು ಕರಿಹಲಗೆಯ ಮೇಲೆ ಅಂಕ ಬರೆಯುತ್ತಿದ್ದಳು. ಹಾಗಾಗಿ ಅಂಕದಕ್ಕ.

ಅಮ್ಮ ಇರಲಿಲ್ಲ. ಅಂಕದಕ್ಕನಿಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ಹೇಳಿದ್ದ: "ಅಮ್ಮ ಹೋದಳು ಕಂದ." ಪಕ್ಕದ ಮನೆಯವರಿಗೂ ಅದೇ ಮಾತು, ಶಾಲೆಯಲ್ಲೂ ಅದೇ. ಕೇಳಿದವರೆಲ್ಲ ಚ್ಚು ಚ್ಚು ಎಂದು ಮಗುವಿನ ತಲೆ ಸವರಿದರು. "ಎಲ್ಲಿಗೆ ಹೋದಳು?" ಎಂದು ಮಗು ಕೇಳಿದಾಗ ಅಪ್ಪ ಹುಬ್ಬು ಹಾರಿಸಿ "ಮುಂದಿನ ಪ್ರಶ್ನೆ" ಎನ್ನುತ್ತಿದ್ದ. ಮಗು ಕಿಲಕಿಲ ನಕ್ಕು, ಆನೆಗೆ ಎಷ್ಟು ಹಲ್ಲು ಎಂದು ಕೇಳುತ್ತಿತ್ತು. ಅವರಿಬ್ಬರ ಮನೆಯಾಟ ಅದು.

ಇನ್ನೊಂದು ಆಟವೂ ಇತ್ತು. ಅಪ್ಪ ಇದ್ದಕ್ಕಿದ್ದಂತೆ ದೀಪ ಆರಿಸಿ, ಅವಳನ್ನೆತ್ತಿಕೊಂಡು ಹೋಗಿ ಕಪಾಟಿನ ಹಿಂದೆ ಕೂರಿಸಿಕೊಳ್ಳುತ್ತಿದ್ದ. ಅದು ಬಾಯಿ ಬಿಡದ ಆಟ. ಅವನು ಕಿವಿಯಲ್ಲಿ ಪಿಸುಪಿಸು ಪ್ರಶ್ನೆ ಕೇಳಬೇಕು, ಅವಳು ಅವನ ಅಂಗೈ ಮೇಲೆ ತಟ್ಟಬೇಕು. ಒಂದು ತಟ್ಟು ಅಂದರೆ ಹೌದು, ಎರಡು ತಟ್ಟು ಅಂದರೆ ಅಲ್ಲ. ಚಂದ್ರನಿಗೆ ಸ್ವಂತ ಬೆಳಕಿದೆಯೇ? ಜೇಡಕ್ಕೆ ಎಂಟು ಕಾಲೇ? ಮೇಲಿನ ಮನೆಯವರು ಗೋಡೆಗೆ ಮೊಳೆ ಹೊಡೆಯುವ ಸದ್ದು ನಿಲ್ಲುವವರೆಗೂ ಆಟ ನಡೆಯುತ್ತಿತ್ತು. ಪ್ರಪಂಚಜ್ಞಾನವೆಲ್ಲ ಅವಳ ತಲೆಗೆ ಇಳಿದದ್ದು ಆ ಕಪಾಟಿನ ಹಿಂದೆಯೇ. ತನ್ನ ಬಾಲ್ಯದಲ್ಲಿ ಸುಖದ ನೆನಪು ಯಾವುದು ಎಂದು ಯಾರಾದರೂ ಕೇಳಿದ್ದರೆ ಅಂಕದಕ್ಕ ಅದನ್ನೇ ಹೇಳುತ್ತಿದ್ದಳು.

ಅಪ್ಪನನ್ನು ಮನೆಗೆ ಕರೆತಂದ ವಾರವೇ ದೂರದ ಊರಿನಿಂದ ಅತ್ತೆ ಬಂದಳು. ತಮ್ಮನ ಸೊಟ್ಟ ಬಾಯಿ, ಸೋತ ಕೈ ನೋಡಿ ಅಡುಗೆಮನೆಗೆ ಬಂದು ಮೂಗು ಸೀಟಿಕೊಂಡಳು.

"ಅವಳ ಕಣ್ಣೀರು ತಟ್ಟಿತು ಕಣೇ ಇವನಿಗೆ. ನನ್ನ ಬಾಗಿಲಲ್ಲಿ ನಿಂತು ಹಾಗೆ ಅತ್ತಿದ್ದಳು."

"ಯಾರತ್ತೆ?"

"ನಿಮ್ಮಮ್ಮ, ಇನ್ಯಾರು?"

ಅಂಕದಕ್ಕ ತೊಳೆಯುತ್ತಿದ್ದ ಲೋಟ ಕೆಳಗಿಟ್ಟಳು. "ಅಮ್ಮ ಯಾವಾಗ ಬಂದಿದ್ಳು? ಅಮ್ಮ ಸತ್ತುಹೋಗಿದ್ಳಲ್ಲ?"

"ಬಿಡ್ತು ಅನ್ನು. ಸತ್ತಳು ಅಂತ ಯಾರಂದ್ರು? ಹೋದಳು ಅಂದ್ವಿ." ಅತ್ತೆ ತಬ್ಬಿಬ್ಬಾಗಿ ಅವಳನ್ನೇ ನೋಡಿದಳು. "ಇಷ್ಟು ವರ್ಷ ನೀನು ಹಾಗೆ ತಿಳ್ಕೊಂಡಿದ್ಯಾ?"

"ಮತ್ತೆ ಏನಾಯ್ತು? ಬಿಟ್ಟುಹೋದಳಾ ನನ್ನ?"

"ನಂಗೆ ಗೊತ್ತಿಲ್ಲಮ್ಮ. ನಿಮ್ಮಪ್ಪನಿಗೆ ಅನುಮಾನ. ಪ್ರೆಸ್ಸಿನಲ್ಲಿ ಅಕ್ಷರ ಅಕ್ಷರಕ್ಕೂ ಅನುಮಾನ ಪಡೋನು, ಮನೇಲೂ ಹಾಗೇ. ಇವನು ಕಳಿಸಿದನೋ, ಅವಳೇ ಸಾಕಾಗಿ ಎದ್ದು ಹೋದಳೋ! ಬಂದ್ರೆ ಬಾಗಿಲು ತೆಗೀಬೇಡ ಅಂತ ನಂಗೆ ಹೇಳಿದ್ದ. ನಾನು ತೆಗೀಲಿಲ್ಲ. ಏನು ಕೇಳೋಕೆ ಬಂದಿದ್ದಳೋ, ಅದೂ ಗೊತ್ತಿಲ್ಲ. ನಿಮ್ಮಪ್ಪನ್ನೇ ಕೇಳು."

ಅಪ್ಪನನ್ನು ಕೇಳುವುದು! ಒಳಗಿನ ಕೋಣೆಯಿಂದ, ಯಾರೂ ಏನೂ ಕೇಳದಿದ್ದರೂ, ನೀರು ಬೇಕಾಗಿಯೋ ಏನೋ, "ಮುಂದಿನ ಪ್ರಶ್ನೆ, ಮುಂದಿನ ಪ್ರಶ್ನೆ" ಎಂದು ಅಪ್ಪ ಕೂಗುತ್ತಿದ್ದ.

ಅವಳು ತಕ್ಷಣ ಕೇಳಲಿಲ್ಲ. ಧೈರ್ಯ ಸಾಲಲಿಲ್ಲ. ಅಮ್ಮ ತನ್ನನ್ನು ಬೇಡವೆಂದು ಬಿಟ್ಟುಹೋದವಳಾದರೆ, ಸತ್ತ ಅಮ್ಮನೇ ಮೇಲಾಗಿದ್ದಳಲ್ಲ ಎನಿಸಿತು. ಅಪ್ಪನಿಗೆ ಗಂಜಿ ಕುಡಿಸುವಾಗ, ಮೈ ಒರೆಸುವಾಗ, ಗಡ್ಡ ಹೆರೆಯುವಾಗ ಪ್ರಶ್ನೆ ಗಂಟಲಿಗೆ ಬಂದು ಹಿಂದೆ ಸರಿಯುತ್ತಿತ್ತು.

ಗುರುವಾರ ಸಾಹುಕಾರನೇ ಕಾರು ಕಳಿಸಿ ಇಬ್ಬರನ್ನೂ ಬಾರಿಗೆ ಕರೆಸಿಕೊಂಡ. "ನೀನೇ ಓದಮ್ಮ. ಮೇಷ್ಟ್ರು ಪಕ್ಕದಲ್ಲಿ ಕೂತು ಗಂಟೆ ಹೊಡೀಲಿ" ಎಂದ. ಬಂದವರೆಲ್ಲ ಅಪ್ಪನ ಬೆನ್ನು ತಟ್ಟಿದರು. ಬಾಗಿಲ ಹತ್ತಿರದ ಮೇಜಿನ ಮೆಕ್ಯಾನಿಕ್, "ಮೇಷ್ಟ್ರೇ, ಇವತ್ತು ನಮ್ಮ ಬಿಲ್ಲು ಯಾರು ಕೊಡ್ತಾರೆ?" ಎಂದು ಕಿಚಾಯಿಸಿದ.

"ಮುಂದಿನ ಪ್ರಶ್ನೆ" ಎಂದ ಅಪ್ಪ. ಇಡೀ ಬಾರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಪ್ಪನೂ ನಕ್ಕ, ಅರ್ಧ ಬಾಯಲ್ಲಿ.

ಪ್ರಪಂಚದ ಅತಿ ದೊಡ್ಡ ಮರುಭೂಮಿ ಯಾವುದು ಎಂದು ಅವಳು ಕೇಳಿದಳು. ಮೆಕ್ಯಾನಿಕ್ಕಿನ ತಂಡ ಸಹಾರಾ ಎಂದಿತು. ಹಿಂದಿನ ಮೇಜಿನಿಂದ ಬ್ಯಾಂಕಿನವಳು ಎದ್ದು, "ಮಳೆ ಬೀಳದ ಜಾಗ ಎಲ್ಲ ಮರುಭೂಮೀನೇ. ಹಾಗೆ ನೋಡಿದ್ರೆ ಅಂಟಾರ್ಕ್ಟಿಕಾ" ಎಂದಳು. "ಮಂಜುಗಡ್ಡೆ ಮೇಲೆ ಒಂಟೆ ಓಡಿಸ್ತೀಯೇನಮ್ಮ?" ಎಂದು ಮೆಕ್ಯಾನಿಕ್ ರೇಗಿದ. ಗಲಾಟೆಯಾಯಿತು. ಅಪ್ಪ ಎಡಗೈಯಿಂದ ಗಂಟೆಯನ್ನು ಮಗಳ ಕಡೆಗೇ ತಳ್ಳಿ ಎರಡು ಸಲ ಒತ್ತಿದ. ಟಣ್, ಟಣ್. ಉತ್ತರ ತಪ್ಪು ಎಂದಲ್ಲ, ಪ್ರಶ್ನೆಯೇ ತಪ್ಪು. ಎರಡು ಉತ್ತರ ಬರುವ ಪ್ರಶ್ನೆ ಪ್ರಶ್ನೆಯಲ್ಲ, ಮೋಸ ಎಂದು ಅವಳಿಗೆ ಕಲಿಸಿದವನೇ ಅವನು.

ಅಂಕದಕ್ಕ ಸೀಮೆಸುಣ್ಣ ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟಳು. ಹೋದಳು. ಒಂದೇ ಮಾತು, ಎರಡು ಅರ್ಥ. ಒಂದಕ್ಷರ ಸುಳ್ಳು ಹೇಳದೆ ಜೀವಂತ ಹೆಂಗಸನ್ನು ಸಾಯಿಸಿದ್ದ ಅಪ್ಪ.

ಭಾನುವಾರ ಮಧ್ಯಾಹ್ನ ಊಟ ಮುಗಿದ ಮೇಲೆ ಅವಳು ತಟ್ಟೆ ಎತ್ತಿಟ್ಟು, ಮೇಜು ಒರೆಸಿ, ಗಂಟೆಯನ್ನು ತಂದು ಅಪ್ಪನ ಎಡಗೈ ಹತ್ತಿರ ಇಟ್ಟಳು.

"ತಿಮಿಂಗಿಲ ಮೀನಿನ ಜಾತಿಯಾ ಅಪ್ಪ?"

ಟಣ್, ಟಣ್.

"ಬೆಳಕು ಶಬ್ದಕ್ಕಿಂತ ಬೇಗ ಹೋಗುತ್ತಾ?"

ಟಣ್. ಅಪ್ಪನ ಮುಖ ಅರಳಿತು. ಆಟ ಎಂದುಕೊಂಡಿದ್ದ.

"ಅಮ್ಮ ಸತ್ತಳಾ?"

ಅರಳಿದ ಮುಖ ಹಾಗೆಯೇ ನಿಂತಿತು. "ಮುಂದಿನ ಪ್ರಶ್ನೆ" ಎಂದ.

"ಇಲ್ಲ ಅಪ್ಪ. ಇದೇ ಪ್ರಶ್ನೆ."

ಕೈ ಗಂಟೆಯಿಂದ ದೂರ ಸರಿಯಿತು. ಅವಳು ಅದನ್ನು ಎತ್ತಿ ಮತ್ತೆ ಗಂಟೆಯ ಮೇಲೆ ಇಟ್ಟಳು. ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಆ ಸದ್ದು ನಿಂತ ಮೇಲೆ, ಟಣ್, ಟಣ್.

"ತಾನಾಗೇ ಹೋದಳಾ?"

ಟಣ್, ಟಣ್.

"ನೀನು ಆಚೆ ಹಾಕಿದ್ಯಾ?"

ಟಣ್.

"ನೀನು ಅವಳ ಮೇಲೆ ಪಟ್ಟ ಅನುಮಾನ ನಿಜವಾ?"

ಎರಡು ಸಲ, ಕೇಳಿಸುವುದೋ ಇಲ್ಲವೋ ಎನ್ನುವ ಹಾಗೆ.

"ನನ್ನ ಕೊಡು ಅಂತ ಕೇಳಿದ್ಳಾ? ಮತ್ತೆ ಬಂದಿದ್ಳಾ?"

ಎರಡು ಪ್ರಶ್ನೆ ಒಟ್ಟಿಗೆ ಕೇಳಬಾರದಿತ್ತು ಎಂದು ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಅಪ್ಪ ಗಂಟೆ ಒತ್ತಿದ. ಟಣ್. ಅವಳ ಎದೆ ತುಂಬಿ ಬಂತು. ಮತ್ತೆ ಒತ್ತಿದ. ಟಣ್. ಎರಡಾಯಿತು, ಹಾಗಾದರೆ ಅಲ್ಲ. ಆದರೆ ಕೈ ನಿಲ್ಲಲಿಲ್ಲ. ಟಣ್. ಟಣ್. ಅವರ ಲೆಕ್ಕದಲ್ಲಿ ಮೂರಕ್ಕೆ, ನಾಲ್ಕಕ್ಕೆ ಅರ್ಥವೇ ಇರಲಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡು, ನಡುನಡುವೆ ನೆನಪು ಮಾಡಿಕೊಳ್ಳುವವನಂತೆ ತಡೆದು, ಒತ್ತುತ್ತಲೇ ಹೋದ. ಅವನು ಹೌದು ಅಲ್ಲ ಹೇಳುತ್ತಿರಲಿಲ್ಲ. ಎಣಿಸುತ್ತಿದ್ದ. ಅಮ್ಮ ಎಷ್ಟು ಸಲ ಬಂದಳೋ ಅಷ್ಟು ಸಲ.

ಆಗ ಅವಳಿಗೆ ಕಪಾಟಿನ ಹಿಂದಿನ ಕತ್ತಲೆ ನೆನಪಾಯಿತು. ಮೇಲಿನ ಮನೆಯವರ ಮೊಳೆಯ ಸದ್ದು. ಆಗ ಅಪ್ಪ ಮಗಳು ಇದ್ದದ್ದು ಕಟ್ಟಡದ ಎಲ್ಲಕ್ಕಿಂತ ಮೇಲಿನ ಮಹಡಿಯಲ್ಲಿ. ಅವರ ಮೇಲೆ ಮನೆಯೇ ಇರಲಿಲ್ಲ.

ಬಾಗಿಲು ಬಡಿದದ್ದು ಅಮ್ಮ. ಒಳಗೆ ಕೂತು, ಬಾಯಿ ಬಿಡದೆ, ಜೇಡಕ್ಕೆ ಎಂಟು ಕಾಲು ಎಂದು ಅಪ್ಪನ ಅಂಗೈ ತಟ್ಟಿದ್ದು ತಾನು.

ಅಂಕದಕ್ಕ ತನ್ನ ಅಂಗೈಯಿಂದ ಗಂಟೆಯನ್ನು ಮುಚ್ಚಿದಳು. ಅಪ್ಪನ ಬೆರಳು ಅವಳ ಕೈಯ ಬೆನ್ನಿನ ಮೇಲೆ ಇನ್ನೂ ಒಂದೆರಡು ಸಲ ತಟ್ಟಿ ನಿಂತಿತು.

"ಈಗ ಎಲ್ಲಿದ್ದಾಳೆ?" ಎಂದು ಕೇಳಿದಳು. ಗಂಟೆ ಉತ್ತರ ಹೇಳಬಲ್ಲ ಪ್ರಶ್ನೆಯಲ್ಲ ಅದು. ಅಪ್ಪನ ಸೊಟ್ಟ ಬಾಯಿಂದ ಜೊಲ್ಲೂ ಕಣ್ಣೀರೂ ಕೂಡಿ ಇಳಿದವು. "ಮುಂದಿನ" ಎಂದ. "ಮುಂದಿನ, ಮುಂದಿನ."

ಅವಳು ಅವನ ಬಾಯಿ ಒರೆಸಿದಳು. ಒರೆಸುವಾಗ ಬಟ್ಟೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಒತ್ತಿದಳು. ಅವನು ತಲೆ ಪಕ್ಕಕ್ಕೆ ತಿರುಗಿಸಲಿಲ್ಲ.

ಮಾರನೆಯ ದಿನ ಕನ್ನಡಕದಂಗಡಿಗೆ ರಜೆ ಹೇಳಿ ಹಳೆಯ ಬೀದಿಗೆ ಹೋದಳು. ಆ ಕಟ್ಟಡ ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಿದ್ದರು. ಎದುರಿನ ಇಸ್ತ್ರಿ ಅಂಗಡಿಯ ಮುದುಕನಿಗೆ ನೆನಪಿತ್ತು. "ಹೌದಮ್ಮ, ಒಬ್ಬಾಕೆ ಬರ್ತಿದ್ಲು. ಮೇಲೆ ಹತ್ತೋಳು, ಇಳಿಯೋಳು. ನನ್ನ ಹತ್ರ ನೀರು ಕೇಳಿ ಕುಡೀತಿದ್ಲು. ಆಮೇಲೆ ನೀವೇ ಮನೆ ಖಾಲಿ ಮಾಡಿದ್ರಿ. ಆಮೇಲೂ ಬಂದ್ಲು. ಎಲ್ಲಿಗೆ ಹೋದ್ರು ಅಂದ್ಲು. ನಂಗೇನು ಗೊತ್ತು? ಹೋದ್ರು ಅಂದೆ, ಅಷ್ಟೆ."

ಅಲ್ಲಿಗೆ ದಾರಿ ಮುಗಿಯಿತು. ಅತ್ತೆಯ ಬಳಿಯೂ ಬೇರೆ ವಿಳಾಸವಿರಲಿಲ್ಲ.

ಈಗ ಅಂಕದಕ್ಕ ಸಾಹುಕಾರನ ಬಾರೊಂದಕ್ಕೇ ಹೋಗುವುದಿಲ್ಲ. ಹಗಲು ಕನ್ನಡಕದ ಗಾಜು ಕೂರಿಸುತ್ತಾಳೆ, ಸಂಜೆ ಊರಿನ ಬೇರೆ ಬೇರೆ ಬಡಾವಣೆಯ ಬಾರುಗಳಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುತ್ತಾಳೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ್ದರಿಂದ ಅಪ್ಪನನ್ನೂ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಅವನು ಗಂಟೆ ಹೊಡೆಯುತ್ತಾನೆ. ಎಲ್ಲ ಮುಗಿದು, ಗೆದ್ದವರು ಕೂಗಾಡಿ ಕೂತ ಮೇಲೆ, ಅವಳು ಅಂಕವಿಲ್ಲದ ಪ್ರಶ್ನೆಯೊಂದನ್ನು ಓದುತ್ತಾಳೆ. ಅಮ್ಮನ ಹೆಸರು ಹೇಳಿ, ವಯಸ್ಸು ಇಷ್ಟಿರಬಹುದು ಎಂದು ಹೇಳಿ, ಕರಡು ತಿದ್ದುವವನ ಮನೆಗೆ ತನ್ನ ಮಗಳನ್ನು ಕೇಳಿಕೊಂಡು ಅಲೆದ ಈ ಹೆಂಗಸು ಯಾರಿಗಾದರೂ ಗೊತ್ತೇ ಎಂದು ಕೇಳುತ್ತಾಳೆ. ಆ ಪ್ರಶ್ನೆ ಓದುವಾಗ ಗಂಟೆಯನ್ನು ಅಪ್ಪನ ಮುಂದಿನಿಂದ ಎತ್ತಿಕೊಂಡು ತನ್ನ ಕೈಯಲ್ಲಿ ಹಿಡಿದುಕೊಳ್ಳುತ್ತಾಳೆ.