ಐದನೆಯ ಸಹಿ

ಫ್ಯೋಕ್ಲಾ ಸಾವಿಶ್ನಾಳನ್ನು ಮಾತಿಗೆಳೆದರೆ ಸಾಕು, ಸಾವಿರದ ಒಂಬೈನೂರ ಇಪ್ಪತ್ತೊಂದನೇ ಇಸವಿಯ ಮಾಸ್ಕೋ ಬಂದು ಎದುರಿಗೆ ಕೂರುತ್ತದೆ. ಎಂಥ ಕಾಲ ಅದು! ಒಲೆಗೆ ಸೌದೆಯಿಲ್ಲದೆ, ದೇಶ ಆಳುವವರೂ ಕೋಟು ಬಿಚ್ಚದೆ ಸಭೆಗೆ ಕೂರುತ್ತಿದ್ದರು. ಒಣ ಕ್ಯಾರೆಟ್ ಕುದಿಸಿದ ಚಹಾ, ಅಂಗೈಯಗಲದ ಕಪ್ಪು ಬ್ರೆಡ್ಡು. ಅದರಲ್ಲೂ ಅರ್ಧ ಮುರಿದು ಇವಳ ಕೈಗಿಡುತ್ತಿದ್ದರು. ಈಗಿನ ಸಾಹೇಬರಿಗೆ ಮಹಡಿ ಗುಡಿಸುವವಳ ಹೆಸರಾದರೂ ಗೊತ್ತೇ?

ಅವಳದು ಪಟ್ಟಿ ಹೊತ್ತು ತಿರುಗುವ ಕೆಲಸ. ಕಮ್ಯುನಿಸ್ಟ್ ಪಕ್ಷದ ಯಾರನ್ನು ಯಾವ ಊರಿಗೆ ಕಳಿಸಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಐವರಿದ್ದರು. ಸಭೆ ಸೇರಲು ಪುರಸೊತ್ತಿಲ್ಲದ ದಿನ ಫ್ಯೋಕ್ಲಾ ಪಟ್ಟಿಯನ್ನು ಮನೆಮನೆಗೆ ಒಯ್ಯಬೇಕು, ಒಬ್ಬೊಬ್ಬರೂ ‘ಒಪ್ಪಿಗೆ’ ಎಂದು ಬರೆದು ಸಹಿ ಹಾಕಬೇಕು. ಒಬ್ಬರು ‘ವಿರೋಧ’ ಎಂದರೂ ಆ ಹೆಸರು ಅಲ್ಲಿಗೇ ನಿಲ್ಲುತ್ತಿತ್ತು. ಎರಡು ವರ್ಷದಲ್ಲಿ ಒಂದು ಸಹಿಯನ್ನೂ ಅವಳು ತಪ್ಪಿಸಿರಲಿಲ್ಲ.

ಮಾರ್ಚ್ ತಿಂಗಳ ಆ ಪಟ್ಟಿಯಲ್ಲಿ ಏಳನೆಯದು ಅವಳ ಮಗಳು ಲೂಷಾಳ ಹೆಸರು. ತಾಷ್ಕೆಂಟಿಗೆ ಹೋಗಿ ಅಕ್ಷರ ಕಲಿಸಬೇಕಂತೆ. ಚಳಿಗಾಲವಿಡೀ ಕೆಮ್ಮಿದ ಹುಡುಗಿ. ಅಲ್ಲಿ ನೋಡಿದರೆ ಟೈಫಸ್ ಜ್ವರ ಊರೂರನ್ನೇ ಗುಡಿಸುತ್ತಿತ್ತು. ಲೂಷಾಗೋ ಹೋಗುವ ಹುಮ್ಮಸ್ಸು. ತಾಯಿಯ ಜೀವ ಬಾಯಿಗೆ ಬಂತು.

ನಾಲ್ವರು ಓದದೆಯೇ ಸಹಿ ಹಾಕಿದರು. ಐದನೆಯವನು ವೆರೆಶಿನ್, ಕಲ್ಲಿನಂಥ ಮನುಷ್ಯ. ಇಂಥದೇ ಪಟ್ಟಿಗೆ ಸಹಿ ಹಾಕಿ ಒಡಹುಟ್ಟಿದ ತಮ್ಮನನ್ನೇ ಯುದ್ಧಕ್ಕೆ ಕಳಿಸಿ ಕಳೆದುಕೊಂಡಿದ್ದ. ಅವನ ಬಾಗಿಲವರೆಗೆ ಹೋದ ಫ್ಯೋಕ್ಲಾ ತಟ್ಟಲಿಲ್ಲ. ಒಂದು ಸಹಿ ಕಮ್ಮಿಯಾದರೆ ಪಟ್ಟಿ ಕುಂಟುತ್ತದೆ, ಅಷ್ಟರಲ್ಲಿ ಏನಾದರೂ ದಾರಿ ಹುಡುಕಿದರಾಯಿತು ಎಂದುಕೊಂಡಳು. ಆರು ಗಂಟೆಯವರೆಗೆ ನದಿಯ ದಂಡೆಯಲ್ಲಿ ಕೂತಿದ್ದು, ಕಚೇರಿಯ ಗುಮಾಸ್ತೆ ಆಗ್ನಿಯಾಗೆ ಹಾಳೆ ಕೊಟ್ಟು, ವೆರೆಶಿನ್ ಮನೆಯಲ್ಲಿರಲಿಲ್ಲ ಎಂದಳು.

“ಪರವಾಗಿಲ್ಲ ಬಿಡು ಚಿಕ್ಕಮ್ಮ,” ಎಂದಳು ಆಗ್ನಿಯಾ. “ಆರು ಗಂಟೆಯೊಳಗೆ ಬೇಡ ಅಂತ ಬರೀದಿದ್ರೆ ಒಪ್ಪಿದ ಹಾಗೇ ಲೆಕ್ಕ.” ಮೊಹರು ಒತ್ತಿಯೇಬಿಟ್ಟಳು.

ಫ್ಯೋಕ್ಲಾ ಯಾವತ್ತೂ ತಡಮಾಡಿದವಳಲ್ಲ, ಆ ನಿಯಮ ಅವಳಿಗೆ ಹೇಗೆ ಗೊತ್ತಿರಬೇಕು? ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನೋಣವೆಂದರೆ, ಆ ಸಮಿತಿಯಲ್ಲಿ ದೈವಕ್ಕೆ ಸದಸ್ಯತ್ವವೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ವೆರೆಶಿನ್ ಸಿಕ್ಕಿದ.

“ಸಾವಿಶ್ನಾ, ನಿನ್ನೆ ಸಂಜೆಯೆಲ್ಲ ಮನೇಲೇ ಕಾದೆ. ನಿಮ್ಮ ಹುಡುಗಿ ಹೆಸರು ಪಟ್ಟೀಲಿದೆ ಅಂತ ಗೊತ್ತಿತ್ತು, ಅವಳು ಕೆಮ್ಮೋದು ನಾನೂ ಕೇಳಿದೀನಿ. ವಿರೋಧ ಅಂತ ಬರಿಯೋಣ ಅಂತಿದ್ದೆ.”

ಫ್ಯೋಕ್ಲಾ ಎಲ್ಲವನ್ನೂ ಬಾಯಿಬಿಟ್ಟು, ಈಗಲಾದರೂ ತಿದ್ದಿ ಎಂದು ಅವನ ಕೋಟಿನ ಅಂಚು ಹಿಡಿದಳು. ವೆರೆಶಿನ್ ಅವಳ ಕೈಯಿಂದ ಕೋಟನ್ನು ಮೆಲ್ಲಗೆ ಬಿಡಿಸಿಕೊಂಡ.

“ತೀರ್ಮಾನ ಆಗೋಯ್ತಲ್ಲಮ್ಮ. ನಿಮ್ಮ ಮಗಳಿಗೋಸ್ಕರ ಮುರಿದ್ರೆ, ನನ್ನ ತಮ್ಮನ ಹೆಂಡ್ತಿಗೆ ಏನು ಹೇಳ್ಲಿ?”

ಅವಳ ಸುಳ್ಳನ್ನು ಅವನು ಯಾರಿಗೂ ಹೇಳಲಿಲ್ಲ. ಗುರುವಾರ ಲೂಷಾ ಹಾಡುತ್ತ ರೈಲು ಹತ್ತಿದಳು. ತಾಷ್ಕೆಂಟಿನಿಂದ ಮೂರು ಕಾಗದ ಬಂದವು, ನಾಲ್ಕನೆಯದನ್ನು ಆಸ್ಪತ್ರೆಯವರು ಬರೆದಿದ್ದರು.

ಈಗಲೂ ನೆರೆಯ ಹೆಂಗಸರು ಅಯ್ಯೋ ಪಾಪ ಎಂದು ಆ ಐವರಿಗೆ ಶಾಪ ಹಾಕಲು ಕೂತರೆ ಫ್ಯೋಕ್ಲಾಳಿಗೆ ರೇಗುತ್ತದೆ.

“ಅವರನ್ನ ಬೈಬೇಡಿ,” ಎನ್ನುತ್ತಾಳೆ. “ಅವರಲ್ಲಿ ಒಬ್ಬ ನನ್ನ ಮಗಳನ್ನ ಉಳಿಸೋಕೆ ಅಂತ ಕಾಯ್ತಾ ಕೂತಿದ್ದ. ಬಾಗಿಲು ತಟ್ಟದೆ ಬಂದೋಳು ನಾನು.”